ಮೈನಿ ಸಹೋದರರು: ಪೀಣ್ಯದ ಮನೆತನ, ಫಾರ್ಮುಲಾ ಕಣದ ಓಟ

ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಬೆಂಗಳೂರಿನ ಮೋಟಾರ್ ರೇಸಿಂಗ್ ಚಾಲಕರು. ಗಾಲಿಗಳು ಹೊರಗೆ ಕಾಣುವ, ಒಬ್ಬರೇ ಕೂರುವ ಫಾರ್ಮುಲಾ ಕಾರುಗಳ ಸ್ಪರ್ಧೆಯಲ್ಲಿ ಅಂತರರಾಷ್ಟ್ರೀಯ ಮಟ್ಟಕ್ಕೇರಿದ ಕೆಲವೇ ಭಾರತೀಯರ ಸಾಲಿಗೆ ಇಬ್ಬರೂ ಸೇರುತ್ತಾರೆ.

ಕುಟುಂಬದ ಹಿನ್ನೆಲೆ

ಸುದರ್ಶನ್ ಮೈನಿ 1973ರಲ್ಲಿ ಆರಂಭಿಸಿದ ಉದ್ಯಮವು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬೆಳೆಯಿತು. ವಾಹನಗಳಿಗೂ ಮುಂದೆ ವಿಮಾನಗಳಿಗೂ ಬೇಕಾದ ನಿಖರ ಬಿಡಿಭಾಗಗಳ ತಯಾರಿಕೆಯಲ್ಲಿ ಅದು ಹೆಸರು ಗಳಿಸಿತು. ಈ ಸಹೋದರರ ತಂದೆ ಗೌತಮ್ ಮೈನಿ ಸ್ವತಃ ರೇಸಿಂಗ್ ಚಾಲಕರಾಗಿದ್ದು ಬಳಿಕ ಉದ್ಯಮದ ಹೊಣೆ ಹೊತ್ತವರು. ಚಿಕ್ಕಪ್ಪ ಚೇತನ್ ಮೈನಿ, ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೊಮ್ಮಸಂದ್ರದಿಂದ 2001ರಲ್ಲಿ ಮಾರುಕಟ್ಟೆಗೆ ಬಂದ ವಿದ್ಯುತ್ ಕಾರು ‘ರೇವಾ’ದ ರೂವಾರಿ. ರೇವಾ ಸಂಸ್ಥೆಯ ಬಹುಪಾಲು ಷೇರುಗಳನ್ನು 2010ರಲ್ಲಿ ಮಹೀಂದ್ರಾ ಸಂಸ್ಥೆ ಖರೀದಿಸಿತು.

ಅರ್ಜುನ್: ಫಾರ್ಮುಲಾದಿಂದ ಡಿಟಿಎಂಗೆ

1997ರ ಡಿಸೆಂಬರ್ 10ರಂದು ಜನಿಸಿದ ಅರ್ಜುನ್, ಕಾರ್ಟಿಂಗ್ ಮೂಲಕ ಕಣಕ್ಕಿಳಿದರು. 2011ರಲ್ಲಿ ಫೋರ್ಸ್ ಇಂಡಿಯಾ ತಂಡ ದೇಶಾದ್ಯಂತ ನಡೆಸಿದ ಪ್ರತಿಭಾನ್ವೇಷಣೆಯಲ್ಲಿ ಆಯ್ಕೆಯಾದವರಲ್ಲಿ ಅವರೂ ಒಬ್ಬರು. 2014ರ ಬಿಆರ್‌ಡಿಸಿ ಫಾರ್ಮುಲಾ 4 ಸರಣಿಯಲ್ಲಿ ಅಲ್ಪ ಅಂತರದಿಂದ ಪ್ರಶಸ್ತಿ ಕೈತಪ್ಪಿ ದ್ವಿತೀಯ ಸ್ಥಾನ ಪಡೆದರು. ಅಂದು ಗೆದ್ದವರು, ಮುಂದೆ ಮರ್ಸಿಡಿಸ್ ತಂಡದ ಫಾರ್ಮುಲಾ 1 ಚಾಲಕರಾದ ಜಾರ್ಜ್ ರಸೆಲ್.

2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದ ಅರ್ಜುನ್, ಅದೇ ವರ್ಷ ಅಮೆರಿಕದ ಹಾಸ್ ಫಾರ್ಮುಲಾ 1 ತಂಡದ ಅಭಿವೃದ್ಧಿ ಚಾಲಕರಾದರು. 2018ರಲ್ಲಿ ಟ್ರೈಡೆಂಟ್ ತಂಡದ ಪರ ಫಾರ್ಮುಲಾ 2ರಲ್ಲಿ ಸ್ಪರ್ಧಿಸಿದರಾದರೂ ಮುಂದಿನ ಮೆಟ್ಟಿಲು ಎಟುಕಲಿಲ್ಲ. 2019ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್‌ನಲ್ಲಿ ಭಾಗವಹಿಸಿದರು. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಸ್ಪರ್ಧಿಸಿದ ಪ್ರಥಮ ಭಾರತೀಯ ಎನಿಸಿದರು.

ಕುಶ್: ಮೊನಾಕೊ ಗೆಲುವು

2000ದ ಸೆಪ್ಟೆಂಬರ್ 22ರಂದು ಜನಿಸಿದ ಕುಶ್, 2020ರ ಬ್ರಿಟಿಷ್ ಫಾರ್ಮುಲಾ 3 ಸರಣಿಯಲ್ಲಿ ದ್ವಿತೀಯ ಸ್ಥಾನ ಗಳಿಸಿ, 2023ರಲ್ಲಿ ಫಾರ್ಮುಲಾ 2 ಪ್ರವೇಶಿಸಿದರು. 2024ರಲ್ಲಿ ಹಂಗರಿಯ ಸ್ಪ್ರಿಂಟ್ ರೇಸ್‌ನಲ್ಲಿ, ಮೊದಲಿಗರಾಗಿ ಗುರಿ ಮುಟ್ಟಿದ್ದ ಚಾಲಕ ಅನರ್ಹಗೊಂಡ ಕಾರಣ ಗೆಲುವು ಇವರ ಪಾಲಾಯಿತು. 2025ರ ಮೇ ತಿಂಗಳಲ್ಲಿ ಮೊನಾಕೊದ ಇಕ್ಕಟ್ಟಿನ ಬೀದಿಗಳಲ್ಲಿ ನಡೆದ ಸ್ಪ್ರಿಂಟ್ ರೇಸ್‌ನಲ್ಲಿ ನೇರವಾಗಿಯೇ ಜಯ ಸಾಧಿಸಿ, ಅಲ್ಲಿ ಫಾರ್ಮುಲಾ 2 ರೇಸ್ ಗೆದ್ದ ಪ್ರಥಮ ಭಾರತೀಯರಾದರು. ಅದೇ ವರ್ಷ ಆಲ್ಪೈನ್ ಫಾರ್ಮುಲಾ 1 ತಂಡದ ಮೀಸಲು ಚಾಲಕರೂ ಆಗಿದ್ದರು.

ಕಿರಿದಾದ ಬಾಗಿಲು

ಫಾರ್ಮುಲಾ 1 ಕಾರು ಓಡಿಸಲು ‘ಸೂಪರ್ ಲೈಸೆನ್ಸ್’ ಕಡ್ಡಾಯ. ಅದಕ್ಕೆ ಮೂರು ವರ್ಷಗಳ ಅವಧಿಯಲ್ಲಿ 40 ಅಂಕ ಬೇಕು. ಫಾರ್ಮುಲಾ 2 ಸರಣಿಯ ಮೊದಲ ಮೂವರಿಗೆ ಒಂದೇ ವರ್ಷದಲ್ಲಿ ಅಷ್ಟೂ ಅಂಕ ಲಭಿಸುತ್ತದೆ. ಉಳಿದವರಿಗೆ ಸ್ಥಾನ ಇಳಿದಂತೆ ಅಂಕವೂ ಇಳಿಯುತ್ತದೆ. ಅರ್ಹತೆ ಇದ್ದರೂ ಆಸನ ಖಚಿತವಲ್ಲ: 2025ರಲ್ಲಿ ಇದ್ದದ್ದು ಕೇವಲ 20 ಆಸನಗಳು. 2024ರಲ್ಲಿ ಇನ್ವಿಕ್ಟಾ ತಂಡದಲ್ಲಿ ಕುಶ್ ಜೊತೆಗಾರರಾಗಿದ್ದ ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ ಸರಣಿ ಗೆದ್ದು ಮರುವರ್ಷವೇ ಫಾರ್ಮುಲಾ 1 ಸೇರಿದರು. ಕುಶ್ ಫಾರ್ಮುಲಾ 2ರಲ್ಲೇ ಮುಂದುವರಿಯಬೇಕಾಯಿತು. ಒಂದೇ ತಂಡ, ಒಂದೇ ಬಗೆಯ ಕಾರು. ಫಲ ಮಾತ್ರ ಬೇರೆ.

ಭಾರತದಿಂದ ಈವರೆಗೆ ಫಾರ್ಮುಲಾ 1ರಲ್ಲಿ ಸ್ಪರ್ಧಿಸಿದವರು ಇಬ್ಬರೇ: ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಮತ್ತು ಚೆನ್ನೈನ ಕರುಣ್ ಚಂದೋಕ್.

ಸ್ಟೀರಿಂಗ್ ಬಿಟ್ಟ ಮೇಲೆ

ಕಣದಿಂದ ಹೊರಬಂದ ಚಾಲಕರಿಗೆ ಎರಡನೆಯ ಬದುಕು ಎಲ್ಲಿ ಸಿಗುವುದೋ ಹೇಳಲಾಗದು. ಇಂಡಿಯಾನಾಪೊಲಿಸ್ 500 ರೇಸ್‌ನಲ್ಲಿ ಐದು ಬಾರಿ ಸ್ಪರ್ಧಿಸಿದ ಅಮೆರಿಕದ ರ‍್ಯಾಂಡಿ ಲೂಯಿಸ್, 1992ರಲ್ಲಿ ಪತ್ನಿ ಡೆಬಿಯೊಂದಿಗೆ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ದ್ರಾಕ್ಷಾರಸ ತಯಾರಿಕೆಗೆ ತೊಡಗಿದರು. ಅವರ 2013ರ ಕ್ಯಾಬರ್ನೆ ಸೊವಿನ್ಯೊನ್ ಅನ್ನು ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ 2016ರ ವರ್ಷದ ವೈನ್ ಎಂದು ಆರಿಸಿತು. ಗೌತಮ್ ಮೈನಿ ಅವರಿಗೆ ಆ ನೆಲೆ ಕಾರ್ಖಾನೆಯಲ್ಲೇ ದೊರೆಯಿತು: ಮಿಲಿಮೀಟರಿನ ಸಣ್ಣ ಅಂಶಕ್ಕೂ ಬೆಲೆಯಿರುವ ಕೆಲಸವದು. ಆ ಸಂಸ್ಥೆಯ ಬಹುಪಾಲು ಷೇರುಗಳನ್ನು ಕೊಳ್ಳುವುದಾಗಿ ರೇಮಂಡ್ ಸಮೂಹ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಸಾವಿರಾರು ಕಾರ್ಖಾನೆಗಳಲ್ಲಿ ಬಿಡಿಭಾಗ ತಯಾರಿಸುವ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ದರ್ಜೆಯ ಕಾರ್ ರೇಸ್ ಟ್ರ್ಯಾಕ್ ಇಲ್ಲ. ಈ ಊರಿನ ಚಾಲಕ ಮೇಲೇರಬೇಕಾದರೆ ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಹೊರಡಬೇಕು. ಆ ಖರ್ಚನ್ನು ಭರಿಸುವ ಮನೆತನ ಅಥವಾ ಪ್ರಾಯೋಜಕರು ಬೆನ್ನಿಗಿರಬೇಕು. ಮೈನಿ ಸಹೋದರರ ಹಾದಿ ಪ್ರತಿಭೆಯ ಜೊತೆಗೆ ಈ ಸತ್ಯವನ್ನೂ ತೋರಿಸುತ್ತದೆ.