ಮೂರೆಳೆಯ ಹುರಿ

ಹಿಂದಿನ ಕನ್ನಡಿಗರು ಮುಪ್ಪಿನ ಗುರುತನ್ನು ‘ನೆರೆತೆರೆ’ ಎಂಬ ಜೋಡುನುಡಿಯಲ್ಲಿ ಹೇಳಿಬಿಟ್ಟರು. ಕೂದಲು ಬೆಳ್ಳಗಾದರೆ ನೆರೆ. ತೊಗಲು ಸಡಿಲವಾಗಿ ಸುಕ್ಕು ಬಿದ್ದರೆ ತೆರೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಇದಕ್ಕೆ ‘ವಲೀಪಲಿತ’ವೆಂದು ಹೆಸರು, ಅದನ್ನು ನೀಗಿಸುವ ರಸಾಯನಗಳನ್ನೂ ಅವು ಹೇಳುತ್ತವೆ. ಯಯಾತಿ ಮಹಾರಾಜನಾದರೋ ಔಷಧದ ಗೊಡವೆಗೆ ಹೋಗದೆ ಮಗನ ಯೌವನವನ್ನೇ ಕೇಳಿ ಪಡೆದನು. ಕಾಲಕ್ರಮದಲ್ಲಿ ನೆರೆಗೆ ಅಗ್ಗದ ಬಣ್ಣ ಸಿಕ್ಕಿತು. ತೆರೆಗೆ ಅಷ್ಟು ಸುಲಭದ ಉಪಾಯ ಸಿಕ್ಕಲಿಲ್ಲ.

ಸಿಕ್ಕಿದೆಯೆಂದು ಸಾರುವ ಫಲಕಗಳು ಯಲಹಂಕ, ಹೆಬ್ಬಾಳಗಳ ಕಡೆ ಈಗ ಬೇಕಾದಷ್ಟಿವೆ. ಆರ್. ಟಿ. ನಗರದಲ್ಲಿರುವ ನನ್ನ ಅಕ್ಕ ನಿವೃತ್ತ ಉಪಾಧ್ಯಾಯಿನಿ. ಅವಳು ಮೂರು ಕರಪತ್ರಗಳನ್ನು ತಂದು ನನ್ನ ಮುಂದಿಟ್ಟಳು. ಒಂದರಲ್ಲಿ ರೇಡಿಯೋ ತರಂಗ, ಇನ್ನೊಂದರಲ್ಲಿ ಶಬ್ದತರಂಗ, ಮೂರನೆಯದರಲ್ಲಿ ದಾರ. “ನೀನು ಪುಸ್ತಕ ಓದೋನು, ಯಾವುದು ಅಂತ ಹೇಳೋ. ದುಡ್ಡೂ ನನ್ನದು, ಮುಖಾನೂ ನನ್ನದು. ಎರಡನ್ನೂ ಕಳಕೊಳ್ಳೋಕೆ ನಾನು ತಯಾರಿಲ್ಲ” ಎಂದಳು. ಈ ವಯಸ್ಸಿನಲ್ಲಿ ಇದೇಕೆ ಎಂದು ಕೇಳುವವರುಂಟು. ಅವರಲ್ಲಿ ಅನೇಕರು ತಮ್ಮ ಮೀಸೆಗೆ ಬಣ್ಣ ಹಚ್ಚುವುದನ್ನು ನಾನು ಬಲ್ಲೆ. ಆದುದರಿಂದ ಆ ಪ್ರಶ್ನೆ ಕೇಳದೆ, ಈ ವಿದ್ಯೆಯ ಚರಿತ್ರೆಯನ್ನು ಹುಡುಕಿದೆ.

ಅದರ ಮೊದಲ ಪುಟವೇ ಕಹಿಯಾಗಿದೆ. 1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ ಚರ್ಮದ ಕೆಳಗೆ ವ್ಯಾಸಲೀನ್ ಚುಚ್ಚುವ ಪದ್ಧತಿಯನ್ನು ಬಳಕೆಗೆ ತಂದನು. ಮೇಣದಂಥ ಪ್ಯಾರಫಿನ್ ಅದನ್ನು ಹಿಂಬಾಲಿಸಿತು. ಕತ್ತಿಯಿಲ್ಲ, ಹೊಲಿಗೆಯಿಲ್ಲ ಎಂದು ಯೂರೋಪಿನ ಸ್ಥಿತಿವಂತರು ಅದಕ್ಕೆ ಮುಗಿಬಿದ್ದರು. ಕೆಲವು ಕಾಲದ ಮೇಲೆ ಚುಚ್ಚಿದ್ದು ಜಾಗ ಬಿಟ್ಟು ಸರಿದು, ಗಂಟು ಕಟ್ಟಿ, ಅನೇಕರ ಮುಖ ಕೆಟ್ಟಿತು. ಕತ್ತಿಯಿಲ್ಲದ ಮಾತ್ರಕ್ಕೆ ಅಪಾಯವಿಲ್ಲವೆಂದು ಹೇಳುವಂತಿಲ್ಲ.

ಎರಡನೆಯ ಪುಟ ನಮ್ಮ ಊರಿನದೇ. ಯಶವಂತಪುರದಿಂದ ಮೆಟ್ರೋ ಹತ್ತಿ ಪೇಟೆಯ ಕಡೆಗೆ ಹೊರಟರೆ ಮುಂದಿನ ನಿಲ್ದಾಣದ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ಶ್ರೀಗಂಧದ ರಫ್ತು ನಿಂತಾಗ, ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಬಗೆಯನ್ನು ಕಂಡುಕೊಟ್ಟವರು ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಜನರ ಟಾಟಾ ಇನ್‌ಸ್ಟಿಟ್ಯೂಟಿನ, ಸಡ್‌ಬರೋ ಮತ್ತು ವಾಟ್ಸನ್. ಆ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಆದರೆ ಸಾಬೂನು ಮುಟ್ಟುವುದು ತೊಗಲಿನ ಮೇಲ್ಮೈಯನ್ನು, ಸಡಿಲಾಗುವುದು ಒಳಪದರ.

ಆ ಒಳಪದರದ ಗುಟ್ಟನ್ನು ಬಿಡಿಸಿದವರೂ ಇದೇ ಸಂಸ್ಥೆಯಲ್ಲಿ ಪಳಗಿದವರೆಂಬುದು ಸಂತೋಷದ ಸಂಗತಿ. 1942ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಕಲಿಯಲು ಇಲ್ಲಿಗೆ ಬಂದ ಜಿ. ಎನ್. ರಾಮಚಂದ್ರನ್ ಎಂಬ ತರುಣ, ಸರ್ ಸಿ. ವಿ. ರಾಮನ್ನರ ಶಿಷ್ಯನಾಗಿ ಭೌತವಿಜ್ಞಾನಕ್ಕೆ ತಿರುಗಿದನು. ಮುಂದೆ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಅವರು ಅದೇ ನಗರದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ನಾರನ್ನು ತರಿಸಿಕೊಂಡರು. ಅದಕ್ಕೆ ಕ್ಷಕಿರಣ ಹಾಯಿಸಿ ಪರೀಕ್ಷಿಸಿ, ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ತೊಗಲಿಗೆ ಬಲ ಕೊಡುವ ಕಾಲಜನ್ ಮೂರೆಳೆ ಸೇರಿದ ಹುರಿಯೆಂಬುದು ಅವರ ಸಿದ್ಧಾಂತ. 1971ರಲ್ಲಿ ಇದೇ ವಿಜ್ಞಾನ ಸಂಸ್ಥೆಯಲ್ಲಿ ಅವರು ಅಣ್ವಿಕ ಜೀವಭೌತ ವಿಭಾಗವನ್ನು ಕಟ್ಟಿದರು.

ಹುರಿಯ ವಿಷಯ ತಿಳಿದರೆ ಕರಪತ್ರಗಳ ಒಗಟು ಅರ್ಧ ಬಿಡಿಸಿದಂತೆ. ಹಸಿ ತೊಗಲನ್ನು ನೀರಿನಲ್ಲಿ ಕಾಯಿಸಿದರೆ 60ರಿಂದ 65 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಥಟ್ಟನೆ ಮುದುಡಿಕೊಳ್ಳುವುದು ಚರ್ಮ ಹದ ಮಾಡುವವರಿಗೆಲ್ಲ ಗೊತ್ತು. ಶಾಖಕ್ಕೆ ಹುರಿಯ ಹೊಸೆತ ಬಿಚ್ಚಿ, ನಾರು ಕುಗ್ಗಿ ದಪ್ಪವಾಗುತ್ತದೆ. ಜೀವವಿರುವ ತೊಗಲಾದರೆ ಇದನ್ನು ಗಾಯವೆಂದೇ ತಿಳಿದು, ಹೊಸ ಹುರಿಯನ್ನು ನಿಧಾನವಾಗಿ ಹೊಸೆಯುತ್ತದೆ. ರೇಡಿಯೋ ತರಂಗದ ಯಂತ್ರಕ್ಕೆ ಅಮೆರಿಕದ ಔಷಧ ಆಡಳಿತವು ಕಣ್ಣಿನ ಸುತ್ತಲಿನ ಸುಕ್ಕಿಗಾಗಿ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಶಬ್ದತರಂಗದ ಯಂತ್ರಕ್ಕೆ ಹುಬ್ಬು ಎತ್ತಲು 2009ರಲ್ಲಿ. ಹೆಸರು ಎರಡಾದರೂ ಕೆಲಸ ಒಂದೇ: ಮೇಲ್ಮೈಯನ್ನು ಸುಡದೆ ಒಳಗನ್ನು ಕಾಯಿಸುವುದು. ರೇಡಿಯೋ ತರಂಗ ಒಳಪದರವನ್ನು ಹರವಾಗಿ ಕಾಯಿಸುತ್ತದೆ, ಶಬ್ದತರಂಗ 4.5 ಮಿಲಿಮೀಟರ್ ಆಳದವರೆಗೆ ಚುಕ್ಕಿಚುಕ್ಕಿಯಾಗಿ ಮುಟ್ಟುತ್ತದೆ. ದಾರದ ದಾರಿ ಬೇರೆ. ಅದು ಎಳೆದು ಕಟ್ಟುತ್ತದೆ, ಕೆಲವು ತಿಂಗಳಲ್ಲಿ ಮೈಯೊಳಗೇ ಕರಗುತ್ತದೆ.

ಇದರಿಂದ ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಸಡಿಲ ಸ್ವಲ್ಪವಿದ್ದರೆ ಶಾಖದಿಂದ ಸ್ವಲ್ಪ ಬಿಗಿಯಾದೀತು. ಜೋತುಬಿದ್ದ ಮಡಿಕೆಯನ್ನು ಯಾವ ತರಂಗವೂ ಎತ್ತಲಾರದು, ಅದು ಶಸ್ತ್ರವೈದ್ಯರ ಕೆಲಸ. ಹೊಸ ಹುರಿ ಬೆಳೆಯಲು ಮೂರರಿಂದ ಆರು ತಿಂಗಳು ಬೇಕು. ಬರುವ ವಾರದ ಮದುವೆಗೆ ಒದಗದು. ಬಂದ ಬಿಗಿಯೂ ಶಾಶ್ವತವಲ್ಲ. ಶಾಖ ಹೆಚ್ಚಾದರೆ ಸುಟ್ಟ ಗಾಯವಾದೀತು, ಕೆನ್ನೆಯ ಕೊಬ್ಬು ಕರಗಿ ಗುಳಿ ಬಿದ್ದೀತು. ನಮ್ಮಂಥ ಕಂದು ಮೈಯವರಿಗೆ, ಬಣ್ಣವನ್ನೇ ಹುಡುಕಿ ಹಿಡಿಯುವ ಬೆಳಕಿನ ಯಂತ್ರಗಳಿಂದ ಕಪ್ಪು ಕಲೆ ಉಳಿಯುವ ಭಯ ಹೆಚ್ಚು. ಹೃದಯದಲ್ಲಿ ಪೇಸ್‌ಮೇಕರ್ ಇದ್ದವರು ರೇಡಿಯೋ ತರಂಗದ ಹತ್ತಿರ ಹೋಗುವ ಮೊದಲು ವೈದ್ಯರಿಗೆ ಹೇಳಲೇಬೇಕು. ಹುರಿಯನ್ನು ಬಹಳವಾಗಿ ಕೆಡಿಸುವುದು ಬಿಸಿಲು. ಕೊಡೆಗಿಂತ ಅಗ್ಗದ ಚಿಕಿತ್ಸೆಯಿಲ್ಲ.

ಒಂದು ಕಡೆ, ಆ ದಿನವೇ ಮುಂಗಡ ಕೊಟ್ಟರೆ ರಿಯಾಯಿತಿಯೆಂದರಂತೆ. ಯಾರು ಯಂತ್ರ ಹಿಡಿಯುತ್ತಾರೆಂದು ಅಕ್ಕ ಕೇಳಿದ್ದಕ್ಕೆ ನೇರ ಉತ್ತರ ಬರಲಿಲ್ಲ. ದುಡ್ಡು ಕೊಡದೆ ಎದ್ದು ಬಂದಳು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಇಂಥ ಚಿಕಿತ್ಸಾಲಯಗಳು ನೋಂದಣಿ ಮಾಡಿಸಿರಬೇಕು. ಆ ಪತ್ರವನ್ನೂ ಚರ್ಮವೈದ್ಯರ ಪದವಿಯನ್ನೂ ನೋಡಲು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಮೂರು ಹೆಸರುಗಳಲ್ಲಿ ಯಾವುದು ಮೇಲೆಂಬುದಕ್ಕಿಂತ, ಎಷ್ಟು ಶಾಖ, ಎಷ್ಟು ಆಳ, ಯಾರ ಕೈ ಎಂಬ ಮೂರು ಪ್ರಶ್ನೆಗಳೇ ಮುಖ್ಯ. ಅವಕ್ಕೆ ಬಿಚ್ಚುಮನಸ್ಸಿನಿಂದ ಉತ್ತರ ಕೊಡುವವರ ಬಳಿಗೆ ಹೋಗುವುದು ಲೇಸು.