ಶಾಸನದ ದತ್ತಿಯಿಂದ ಸಂಶೋಧನೆಯ ಅನುದಾನದವರೆಗೆ

ವಿದ್ಯೆಗೆ ಆಶ್ರಯ ಬೇಕೆಂಬುದು ಹೊಸ ಮಾತಲ್ಲ. ಆದರೆ ಆ ಆಶ್ರಯವನ್ನು ಯಾರಲ್ಲಿ ಕೇಳಬೇಕು, ಹೇಗೆ ಕೇಳಬೇಕು, ಪಡೆದ ಮೇಲೆ ಹೇಗೆ ಲೆಕ್ಕ ಒಪ್ಪಿಸಬೇಕು ಎಂಬುದೂ ಒಂದು ವಿದ್ಯೆಯೇ ಎಂಬುದನ್ನು ನಾವು ಅಷ್ಟಾಗಿ ಮನಗಂಡಂತೆ ಕಾಣುವುದಿಲ್ಲ. ಶಿವಮೊಗ್ಗ ನಗರದಿಂದ ಸುಮಾರು 28 ಕಿಲೋಮೀಟರು ದೂರದಲ್ಲಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡಿತು. ಮಲೆನಾಡಿನ ಹಳ್ಳಿಗಳ ಮಕ್ಕಳು ಸಂಶೋಧನೆಯ ಹೊಸ್ತಿಲನ್ನು ತಮ್ಮ ಊರ ಸಮೀಪದಲ್ಲಿಯೇ ಕಾಣುವಂತಾದುದು ಅದರಿಂದ. ಅಲ್ಲಿಯ ಸಂಶೋಧನ ವಿದ್ಯಾರ್ಥಿಗಳೊಡನೆ, ಶಿವಮೊಗ್ಗ-ಭದ್ರಾವತಿಯ ಕಾಲೇಜು ಅಧ್ಯಾಪಕರೊಡನೆ ಮಾತಿಗೆ ಕುಳಿತರೆ ಆಗಾಗ ಕೇಳಿಬರುವ ಮಾತೊಂದುಂಟು: "ವಿಷಯವಿದೆ, ಉತ್ಸಾಹವಿದೆ, ಹಣವಿಲ್ಲ." ಹಣವೇ ಇಲ್ಲವೋ, ಹಣವಿರುವೆಡೆಗೆ ಹೋಗುವ ದಾರಿ ತಿಳಿದಿಲ್ಲವೋ ಎಂಬುದನ್ನು ಈ ನಾಡಿನ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಭಕ್ತರಿಗೆಲ್ಲ ಪರಿಚಿತವಾದುದು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಯತಿಗಳ ದೊಡ್ಡ ವಿದ್ಯಾಕೇಂದ್ರವಾಗಿದ್ದಿತು. ಕಾಳಾಮುಖರಿಗೂ ವೀರಶೈವಕ್ಕೂ ಇರುವ ಸಂಬಂಧವು ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತ ಬಂದಿರುವ ವಿಷಯ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಕಲ್ಯಾಣದ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವು ವಾಮಶಕ್ತಿ ಪಂಡಿತನು ಆಚಾರ್ಯನಾಗಿದ್ದ ಈ ಮಠದ ವರ್ಣನೆಯನ್ನು ವಿಸ್ತಾರವಾಗಿ ಕೊಡುತ್ತದೆ. ಅಂಗಸಹಿತವಾದ ನಾಲ್ಕು ವೇದಗಳು, ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯ ಬೌದ್ಧಾದಿ ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣಗಳು, ಕಾವ್ಯ ನಾಟಕಗಳು ಇವೆಲ್ಲದರ ಅಧ್ಯಯನವು ಅಲ್ಲಿ ನಡೆಯುತ್ತಿದ್ದಿತು. ಅದರೊಡನೆಯೇ ದೀನರಿಗೆ, ಅನಾಥರಿಗೆ, ಕುಂಟರು ಕುರುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿ ದೊರೆಯುತ್ತಿದ್ದವು. ಪರಮತದ ದರ್ಶನವನ್ನೂ ಓದಿಸುವ ಔದಾರ್ಯ, ಹಸಿದವನಿಗೆ ಅನ್ನವಿಡುವ ಕಾರುಣ್ಯ ಎರಡಕ್ಕೂ ಆಧಾರವಾಗಿದ್ದುದು ದತ್ತಿ.

ಈ ದತ್ತಿಗಳ ರೀತಿಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ಅಂದಿನ ದಾನಶಾಸನಗಳು ಬರಿಯ ಹೊಗಳಿಕೆಯ ಬರಹಗಳಲ್ಲ. ಕೊಟ್ಟವನಾರು, ಯಾವ ಕಾಲದಲ್ಲಿ ಕೊಟ್ಟನು, ಪಡೆದ ಆಚಾರ್ಯನಾರು, ಅವನ ಗುರುಪರಂಪರೆಯೇನು, ಅವನ ವಿದ್ವತ್ತೆಂತಹುದು ಎಂಬುದನ್ನು ಅವು ಮೊದಲು ನಿರೂಪಿಸುತ್ತವೆ. ಆ ಬಳಿಕ ಯಾವ ಉದ್ದೇಶಕ್ಕೆ ಎಷ್ಟು ಎಂಬ ವಿವರ ಬರುತ್ತದೆ: ದೇವರ ಅಂಗಭೋಗ ರಂಗಭೋಗಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ತಪೋಧನರ ಆಹಾರಕ್ಕೆ, ವಿದ್ಯಾದಾನಕ್ಕೆ. ಅನಂತರ ಭೂಮಿಯ ಅಳತೆ, ನಾಲ್ಕು ದಿಕ್ಕಿನ ಮೇರೆ. ಕೊನೆಯಲ್ಲಿ ದತ್ತಿಯನ್ನು ಕೆಡಿಸಿದವನಿಗೆ ಶಾಪ. ಇದನ್ನು ಇಂದಿನ ಸಂಶೋಧನ ಯೋಜನೆಯ ಅರ್ಜಿಯೊಡನೆ ಹೋಲಿಸಿ ನೋಡಿದರೆ ಆಶ್ಚರ್ಯವಾಗದಿರದು. ಅರ್ಜಿದಾರನ ವಿದ್ಯಾರ್ಹತೆ, ಉದ್ದೇಶ, ಬಾಬ್ತುವಾರು ವೆಚ್ಚದ ಅಂದಾಜು, ಕಾಲಮಿತಿ, ಕಡೆಯಲ್ಲಿ ಹಣದ ವಿನಿಯೋಗ ಪ್ರಮಾಣಪತ್ರ. ಶಾಪದ ಸ್ಥಾನದಲ್ಲಿ ಈಗ ಲೆಕ್ಕಪರಿಶೋಧನೆಯಿದೆ ಎಂಬುದಷ್ಟೇ ವ್ಯತ್ಯಾಸ. ಆದುದರಿಂದ ಅರ್ಜಿ ಬರೆಯುವುದು ವಿದ್ವಾಂಸನ ಘನತೆಗೆ ಕುಂದೆಂದು ಭಾವಿಸುವವರು ಈ ಶಾಸನಗಳನ್ನೊಮ್ಮೆ ಓದಬೇಕು. ಸ್ಪಷ್ಟವಾದ ಉದ್ದೇಶವನ್ನು ಸ್ಪಷ್ಟವಾದ ಮೇರೆಯೊಳಗೆ ನಿವೇದಿಸುವುದು ಭಿಕ್ಷಾಟನೆಯಲ್ಲ. ಅದು ವಿದ್ಯೆಯ ವ್ಯವಹಾರಧರ್ಮ.

ಈ ಶಾಸನಗಳನ್ನು ನಾವಿಂದು ಓದಲು ಸಾಧ್ಯವಾದುದೂ ಸಂಶೋಧನೆಗೆ ದೊರೆತ ಧನಸಹಾಯದಿಂದಲೇ. ಮೈಸೂರು ಸಂಸ್ಥಾನವು ತನ್ನ ಬೊಕ್ಕಸದಿಂದ ಪುರಾತತ್ತ್ವ ಶೋಧನೆಯನ್ನು ನಡೆಸಿತು. ಬಿ. ಎಲ್. ರೈಸ್ ಅವರ ಸಂಪಾದಕತ್ವದ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟ 1902ರಲ್ಲಿಯೂ ಎಂಟನೆಯದು 1904ರಲ್ಲಿಯೂ ಹೊರಬಂದವು; ಶಿವಮೊಗ್ಗ ಜಿಲ್ಲೆಗೇ ಎರಡು ಸಂಪುಟಗಳು ಮೀಸಲಾದವು. ಮೇಲೆ ಹೇಳಿದ ಕೋಡಿಯಮಠದ ಶಾಸನವು ಏಳನೆಯ ಸಂಪುಟದಲ್ಲಿದೆ. ಊರೂರು ಅಲೆದು ಪ್ರತಿ ತೆಗೆದವರಿಗೆ ಸಂಬಳ, ಬಂಡಿಯ ಬಾಡಿಗೆ, ಅಚ್ಚಿನ ವೆಚ್ಚ ಇವನ್ನೆಲ್ಲ ಸರ್ಕಾರ ಭರಿಸಿರದಿದ್ದಲ್ಲಿ ಆ ಕಲ್ಲುಗಳಲ್ಲಿ ಎಷ್ಟೋ ಇಂದಿಗೆ ಮೆಟ್ಟಿಲಾಗಿ, ಒಗೆಯುವ ಬಂಡೆಯಾಗಿ ಸವೆದುಹೋಗಿರುತ್ತಿದ್ದವು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆಯನ್ನು ನೋಡಬೇಕು. ಅದು ಫ. ಗು. ಹಳಕಟ್ಟಿ (1880-1964) ಅವರದು. ಬಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಅವರು ಮಠ ಮನೆಗಳ ಜಗಲಿಯಲ್ಲಿ, ಅಟ್ಟದಲ್ಲಿ ಬಿದ್ದಿದ್ದ ವಚನಗಳ ತಾಡವೋಲೆಗಳನ್ನು ಅರಸಿ ತಂದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯವನ್ನು ಸ್ಥಾಪಿಸುವುದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅವರು ಅರ್ಜಿ ಸಲ್ಲಿಸಬಹುದಾಗಿದ್ದ ಧನಸಹಾಯ ಸಂಸ್ಥೆಗಳು ಅಂದು ಇರಲಿಲ್ಲ. ಆ ತ್ಯಾಗವನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಒಂದು ಸಮಾಜವು ತನ್ನ ಸಂಶೋಧನೆಯನ್ನೆಲ್ಲ ಇಂತಹ ತ್ಯಾಗದ ಮೇಲೆಯೇ ನಿಲ್ಲಿಸುವುದು ನ್ಯಾಯವೇ? ಮಾರಲು ಮನೆಯೇ ಇಲ್ಲದ ವಿದ್ಯಾರ್ಥಿಯು ಏನು ಮಾಡಬೇಕು?

ಸ್ವಾತಂತ್ರ್ಯದ ಬಳಿಕ ಪರಿಸ್ಥಿತಿ ಬದಲಾಯಿತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು 1942ರಲ್ಲಿಯೇ ಹುಟ್ಟಿದ್ದಿತು. 1953ರಲ್ಲಿ ಪ್ರಾರಂಭವಾದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗಕ್ಕೆ 1956ರ ಕಾಯಿದೆಯಿಂದ ಶಾಸನಬದ್ಧ ಸ್ಥಾನ ದೊರೆಯಿತು. ಭಾರತೀಯ ಸಮಾಜವಿಜ್ಞಾನ ಸಂಶೋಧನ ಮಂಡಲಿ 1969ರಲ್ಲಿ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1971ರಲ್ಲಿ, ಭಾರತೀಯ ಇತಿಹಾಸ ಸಂಶೋಧನ ಮಂಡಲಿ 1972ರಲ್ಲಿ ಅಸ್ತಿತ್ವಕ್ಕೆ ಬಂದವು. 2023ರ ಕಾಯಿದೆಯ ಮೇರೆಗೆ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವು ಸ್ಥಾಪಿತವಾಗಿ, ಹಿಂದಿನ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನ ಮಂಡಲಿಯು ಅದರಲ್ಲಿ ಲೀನವಾಯಿತು. ತಾಡವೋಲೆಗಳ ವಿಷಯದಲ್ಲಿ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ತೊಡಗಿತು. 2025-26ರ ಕೇಂದ್ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಸಂರಕ್ಷಣೆಗಳಿಗಾಗಿ 'ಜ್ಞಾನ ಭಾರತಂ' ಎಂಬ ಅಭಿಯಾನವು ಘೋಷಿತವಾಯಿತು. ಹಳಕಟ್ಟಿಯವರಿಗೆ ಇಲ್ಲದಿದ್ದ ಬಾಗಿಲುಗಳು ಇಂದು ಹಲವು ಇವೆ. ಆದರೆ ಯಾವ ಬಾಗಿಲು ಯಾರಿಗೆ, ಎಂದು ತೆರೆಯುತ್ತದೆ ಎಂಬುದು ತಿಳಿದಿರಬೇಕು.

ವ್ಯಕ್ತಿಗೆ ದೊರೆಯುವ ಸಹಾಯ ಬೇರೆ, ಯೋಜನೆಗೆ ದೊರೆಯುವ ಸಹಾಯ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ದೊರೆಯುವ ಕಿರಿಯ ಸಂಶೋಧನ ವೇತನವು ವ್ಯಕ್ತಿಗೆ ಸಲ್ಲುವುದು; 2023ರ ಜನವರಿ 1ರಿಂದ ಅದನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಕನ್ನಡವೂ ಆ ಪರೀಕ್ಷೆಯ ವಿಷಯಗಳಲ್ಲೊಂದು. ಅದಕ್ಕೆ ವಯೋಮಿತಿಯುಂಟು ಎಂಬುದನ್ನು ಸ್ನಾತಕೋತ್ತರ ತರಗತಿಯಲ್ಲಿದ್ದಾಗಲೇ ಅರಿತವನು ಸಕಾಲದಲ್ಲಿ ಸಿದ್ಧನಾಗುತ್ತಾನೆ. ತಡವಾಗಿ ಅರಿತವನಿಗೆ ಪ್ರತಿಭೆಯಿದ್ದೂ ಬಾಗಿಲು ಮುಚ್ಚಿರುತ್ತದೆ. ಯೋಜನೆಯ ಅನುದಾನವಾದರೋ ಸಂಸ್ಥೆಯ ಮೂಲಕ ಬರತಕ್ಕದ್ದು. ಅಲ್ಲಿ ಅಧ್ಯಾಪಕನ ಯೋಗ್ಯತೆಯಷ್ಟೇ ಸಂಸ್ಥೆಯ ಮಾನ್ಯತೆಯೂ ಮುಖ್ಯ. ಧನಸಹಾಯ ಆಯೋಗದ ಕಾಯಿದೆಯ 2(ಎಫ್) ಮತ್ತು 12(ಬಿ) ಪ್ರಕರಣಗಳ ಮಾನ್ಯತೆ ತನ್ನ ಕಾಲೇಜಿಗೆ ಇದೆಯೇ ಎಂಬುದನ್ನು ಅಧ್ಯಾಪಕನು ಅರ್ಜಿಯನ್ನು ಬರೆಯುವುದಕ್ಕೆ ಮುನ್ನವೇ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಇನ್ನು ಅರ್ಜಿಯ ಒಡಲಿಗೆ ಬರೋಣ. ಭದ್ರಾವತಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕಾಗದದ ಕಾರ್ಖಾನೆಯಲ್ಲಿ 2015ರ ಸುಮಾರಿಗೆ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಈಗ ಒಬ್ಬ ಸಂಶೋಧಕನು "ಭದ್ರಾವತಿಯ ಕೈಗಾರಿಕೆಗಳು: ಒಂದು ಅಧ್ಯಯನ" ಎಂಬ ಅರ್ಜಿಯನ್ನು ಸಲ್ಲಿಸಿದನೆನ್ನೋಣ. ಅದಕ್ಕೆ ಮೇರೆಯಿಲ್ಲ, ಪರಿಶೀಲಕನಿಗೆ ಅದರಲ್ಲಿ ಹಿಡಿಯಲು ಏನೂ ದೊರೆಯದು. ಅದಕ್ಕೆ ಬದಲಾಗಿ, ಕಾಗದದ ಕಾರ್ಖಾನೆಯ ನಿವೃತ್ತ ಕಾರ್ಮಿಕರಲ್ಲಿ ಇಂತಿಷ್ಟು ಮಂದಿಯ ಬಾಯಿಮಾತಿನ ಇತಿಹಾಸವನ್ನು ಇಷ್ಟು ತಿಂಗಳಲ್ಲಿ ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಇರಿಸುವೆನು. ಈ ಹಿಂದೆ ಈ ವಿಷಯದಲ್ಲಿ ಇಂತಿಂತಹ ಕೆಲಸಗಳಾಗಿವೆ, ಉಳಿದಿರುವುದು ಇದು. ಪ್ರಯಾಣಕ್ಕೆ ಇಷ್ಟು, ಉಪಕರಣಕ್ಕೆ ಇಷ್ಟು, ಸಹಾಯಕನ ವೇತನಕ್ಕೆ ಇಷ್ಟು ಎಂದು ಬರೆದರೆ ಅದು ನಾಲ್ಕು ಮೇರೆಗಳುಳ್ಳ ದತ್ತಿಯ ಭೂಮಿಯಂತೆ ಸ್ಪಷ್ಟವಾಗುತ್ತದೆ. ಈ ವಿಷಯವನ್ನು ಕಾರ್ಮಿಕ ಕುಟುಂಬಗಳ ಇಂದಿನ ಜೀವನದ ದೃಷ್ಟಿಯಿಂದ ನಿರೂಪಿಸಿದರೆ ಸಮಾಜವಿಜ್ಞಾನ ಮಂಡಲಿಗೂ, ಗತಕಾಲದ ದಾಖಲೆಯ ದೃಷ್ಟಿಯಿಂದ ನಿರೂಪಿಸಿದರೆ ಇತಿಹಾಸ ಮಂಡಲಿಗೂ ಹೊಂದುತ್ತದೆ. ಎಲ್ಲ ಬಾಗಿಲಿಗೂ ಒಂದೇ ಅರ್ಜಿಯ ಪ್ರತಿಯನ್ನು ಕಳುಹಿಸುವುದು ವ್ಯರ್ಥಶ್ರಮ.

ಇದರಲ್ಲಿ ಕಾಲದ ಪ್ರಶ್ನೆಯೂ ಅಡಗಿದೆ. ಕುಲುಮೆಯ ಮುಂದೆ ನಿಂತು ದುಡಿದ ಹಿರಿಯರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಮಲೆನಾಡಿನ ಮಳೆಗೆ, ಗೆದ್ದಲಿಗೆ ಮನೆಗಳಲ್ಲಿರುವ ತಾಡವೋಲೆಗಳು ಬಲಿಯಾಗುತ್ತಿವೆ. ಒಂದು ಅರ್ಜಿಯು ಕ್ರಮವಾಗಿ ಬರೆಯಲ್ಪಡದೆ ತಿರಸ್ಕೃತವಾದಾಗ ನಷ್ಟವಾಗುವುದು ಕೇವಲ ಆ ಸಂಶೋಧಕನಿಗಲ್ಲ. ಮುಂದಿನ ವರ್ಷ ಹೋಗಿ ಕೇಳಬಹುದೆಂದುಕೊಂಡ ಬಾಯಿಯೇ ಆ ವೇಳೆಗೆ ಮೌನವಾಗಿರಬಹುದು.

ಪಡೆದ ಹಣದ ಲೆಕ್ಕವನ್ನು ಒಪ್ಪಿಸುವುದು ಅರ್ಜಿಯಷ್ಟೇ ಮುಖ್ಯ. ಮೊದಲ ಕಂತಿನ ವಿನಿಯೋಗ ಪತ್ರವು ತಲುಪದೆ ಮುಂದಿನ ಕಂತು ಬರುವುದಿಲ್ಲ. ಒಂದು ಬಾಬ್ತಿನ ಹಣವನ್ನು ಅನುಮತಿಯಿಲ್ಲದೆ ಇನ್ನೊಂದಕ್ಕೆ ಬಳಸುವುದು ದೋಷ. ಶರಣರು ಕಾಯಕವನ್ನೂ ದಾಸೋಹವನ್ನೂ ಒಂದನ್ನೊಂದು ಬಿಟ್ಟು ಕಂಡವರಲ್ಲ. ಸಂಶೋಧನೆಯ ಅನುದಾನವು ಸಮಾಜದ ದಾಸೋಹವೆಂದು ಬಗೆದರೆ, ಪ್ರಾಮಾಣಿಕವಾದ ಕಾಯಕವೂ ತೆರೆದ ಲೆಕ್ಕವೂ ಅದಕ್ಕೆ ಸಲ್ಲಿಸಬೇಕಾದ ಪ್ರತಿಯೆಂಬುದು ತಾನಾಗಿಯೇ ತಿಳಿಯುತ್ತದೆ.

ಕಡೆಯದಾಗಿ ಒಂದೆರಡು ಸೂಚನೆಗಳು. ಅನುದಾನ ಪಡೆದ ಹಿರಿಯ ಅಧ್ಯಾಪಕರು ತಮ್ಮ ಅರ್ಜಿಯನ್ನು ಗುಟ್ಟಾಗಿಡದೆ, ಶಿವಮೊಗ್ಗದಲ್ಲಿಯೋ ಭದ್ರಾವತಿಯಲ್ಲಿಯೋ ತಿಂಗಳಿಗೊಮ್ಮೆ ಕಿರಿಯರೊಡನೆ ಕುಳಿತು ಅದನ್ನು ಓದಿ ವಿವರಿಸಬೇಕು; ತಿರಸ್ಕೃತವಾದ ಅರ್ಜಿಯನ್ನೂ ಓದಬೇಕು, ಅದರಿಂದ ಕಲಿಯುವುದು ಹೆಚ್ಚು. ಶಿವಮೊಗ್ಗದಲ್ಲಿ 1930ರಿಂದ ನಡೆದುಬಂದಿರುವ ಕರ್ನಾಟಕ ಸಂಘದಂತಹ ಸಂಸ್ಥೆಗಳು ಇಂತಹ ಸಭೆಗೆ ತಕ್ಕ ಎಡೆ. ದೊಡ್ಡ ಅನುದಾನಕ್ಕೆ ಅರ್ಜಿ ಹಾಕಲು ಮೊದಲೊಂದು ಚಿಕ್ಕ ಕ್ಷೇತ್ರಕಾರ್ಯ ಆಗಿರಬೇಕಾಗುತ್ತದೆ. ಆ ಮೊದಲ ಬಸ್ಸಿನ ಖರ್ಚು, ಮೊದಲ ಪ್ರತಿ ತೆಗೆಯುವ ಖರ್ಚಿಗೆ ಮಠಗಳು ಚಿಕ್ಕ ದತ್ತಿಯನ್ನು ಇಟ್ಟರೆ ಕೋಡಿಯಮಠದ ಪರಂಪರೆಯನ್ನು ಮುಂದುವರಿಸಿದಂತಾಗುತ್ತದೆ. ಹಳಕಟ್ಟಿಯವರು ಮನೆ ಮಾರಿ ವಚನಗಳನ್ನು ನಮಗೆ ಉಳಿಸಿಕೊಟ್ಟರು. ಇನ್ನೊಬ್ಬ ಸಂಶೋಧಕನಿಗೆ ಮನೆ ಮಾರುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಆ ಋಣವನ್ನು ತೀರಿಸುವ ಒಂದು ದಾರಿ.