ನಮ್ಮ ಹಿರಿಯರ ಹೆಸರು ಹುಡುಕುವಾಗ

ಜುಲೈ 26ರಂದು ಧರ್ಮಸಭೆಯು ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಆಚರಿಸುತ್ತದೆ. ಇವರು ಮಾತೆ ಮರಿಯಮ್ಮನವರ ತಂದೆತಾಯಿ, ಯೇಸುಸ್ವಾಮಿಯ ಅಜ್ಜ ಅಜ್ಜಿ. ಆದರೆ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿ ಹುಡುಕಿದರೂ ಇವರ ಹೆಸರು ನಮಗೆ ಸಿಗುವುದಿಲ್ಲ. ಎರಡನೆಯ ಶತಮಾನದಲ್ಲಿ ರಚಿತವಾದ, ಆದರೆ ಬೈಬಲಿನಲ್ಲಿ ಸೇರದ ಒಂದು ಬರಹ ಈ ಹೆಸರುಗಳನ್ನು ಹೇಳಿತು. ಭಕ್ತಜನರು ಅವನ್ನು ನೆನಪಿನಲ್ಲಿ ಉಳಿಸಿಕೊಂಡರು. ಪ್ರಭುವಿನ ಸ್ವಂತ ಅಜ್ಜ ಅಜ್ಜಿಯರ ವಿಷಯದಲ್ಲೇ ಹೀಗಿರುವಾಗ ನಮ್ಮ ಮನೆತನಗಳ ಮಾತೇನು?

ನಮ್ಮಲ್ಲಿ ಹೆಚ್ಚಿನವರಿಗೆ ಅಜ್ಜನ ಹೆಸರು ಗೊತ್ತು. ಮುತ್ತಜ್ಜನ ಹೆಸರು ಕೆಲವರಿಗೆ ಗೊತ್ತು. ಮುತ್ತಜ್ಜಿಯ ತವರುಮನೆ ಯಾವುದೆಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತೇವೆ. ನಮ್ಮ ಯುವಜನರು ವಂಶವೃಕ್ಷ ಬರೆಯಲು ಹೊರಟಾಗ ನಾಲ್ಕೈದು ತಲೆಮಾರು ಹಿಂದೆ ಹೋಗುವಷ್ಟರಲ್ಲಿ ದಾರಿ ಮುಚ್ಚಿಹೋಗುತ್ತದೆ. ಪುಸ್ತಕ ಇರುವುದಿಲ್ಲ, ಪುಸ್ತಕ ಇದ್ದರೆ ಹೆಸರಿರುವುದಿಲ್ಲ, ಹೆಸರಿದ್ದರೆ ಅದು ನಮ್ಮವರದೇ ಎಂಬ ಖಾತ್ರಿ ಇರುವುದಿಲ್ಲ. ಆಗ ಕೆಲವರು ಕೈಚೆಲ್ಲಿ ಕೂರುತ್ತಾರೆ. ಇನ್ನು ಕೆಲವರು ಖಾಲಿ ಜಾಗವನ್ನು ಊಹೆಯಿಂದ ತುಂಬುತ್ತಾರೆ. ಇವೆರಡೂ ಬೇಡ.

ದೇವಾಲಯದ ಪುಸ್ತಕಗಳು

ಮದುವೆಯ ಪುಸ್ತಕವನ್ನು ವಿಚಾರಣಾ ಗುರುಗಳೇ ಇಟ್ಟುಕೊಳ್ಳಬೇಕು, ಜ್ಞಾನಸ್ನಾನದಲ್ಲಿ ಜ್ಞಾನತಂದೆ ಜ್ಞಾನತಾಯಿಯರ ಹೆಸರು ಬರೆಯಬೇಕು ಎಂದು ತ್ರೆಂತ್ ಮಹಾಸಭೆ 1563ರಲ್ಲಿ ವಿಧಿಸಿತು. 1614ರಲ್ಲಿ ಪೋಪ್ ಐದನೇ ಪೌಲರು ಹೊರಡಿಸಿದ ಸಂಸ್ಕಾರವಿಧಿ ಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಕುಟುಂಬಗಳ ಪಟ್ಟಿ ಎಂದು ಐದು ಪುಸ್ತಕಗಳನ್ನು ಹೇಳಿತು. ಸರ್ಕಾರದ ಜನನ ಮರಣ ದಾಖಲೆ ನಮ್ಮ ನಾಡಿಗೆ ಬರುವುದಕ್ಕೆ ಬಹು ಮೊದಲೇ ದೇವಾಲಯದ ಪುಸ್ತಕದಲ್ಲಿ ಕೂಲಿಯವನ ಮಗುವಿಗೂ ಒಂದು ಸಾಲು ದೊರೆಯಿತು. ರಾಜರ ಶಾಸನಗಳಲ್ಲಿ ಎಂದೂ ಬಾರದ ಜನರ ಹೆಸರು ಅಲ್ಲಿ ಉಳಿಯಿತು. ನಮ್ಮ ಹಿರಿಯರು ಬಡವರಾಗಿದ್ದರೂ ಅವರನ್ನು ಇಂದು ಹುಡುಕಲು ಸಾಧ್ಯವಾಗಿರುವುದು ಇದರಿಂದಲೇ.

1784 ಎಂಬ ಗೋಡೆ

ನಮ್ಮ ಕರಾವಳಿಯ ಕುಟುಂಬಗಳಲ್ಲಿ ಬಹುಪಾಲು ಗೋವೆಯಿಂದ ಬಂದವು. 1560ರಲ್ಲಿ ಅಲ್ಲಿ ಆರಂಭವಾದ ಧಾರ್ಮಿಕ ನ್ಯಾಯಮಂಡಳಿಯ ಭಯ, ಯುದ್ಧ, ಬರ, ತೆರಿಗೆ, 1683 ಮತ್ತು 1739ರ ಮರಾಠರ ದಾಳಿಗಳು ಜನರನ್ನು ತೆಂಕಣ ದಿಕ್ಕಿಗೆ ನಡೆಸಿದವು. ಕೆಳದಿ ನಾಯಕರ ಆಳ್ವಿಕೆಯಲ್ಲಿ ಅವರಿಗೆ ಬೇಸಾಯಕ್ಕೆ ನೆಲ ಸಿಕ್ಕಿತು, ದೇವಾಲಯಗಳು ಎದ್ದವು.

ಇಂಗ್ಲಿಷರೊಡನೆ ಯುದ್ಧ ನಡೆದಿದ್ದ ಕಾಲದಲ್ಲಿ, ಕ್ರೈಸ್ತರು ಶತ್ರುಗಳಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರಲ್ಲಿ ಅವರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅದು ವಿಭೂತಿ ಬುಧವಾರ ಎಂಬುದು ಸಮುದಾಯದ ನೆನಪು. ಸೆರೆಯಾದವರು 60,000 ಎಂದು ಅನೇಕ ಬರಹಗಳು ಹೇಳುತ್ತವೆ. ಅದಕ್ಕಿಂತ ಕಡಿಮೆ ಎಂದು ಹೇಳುವವರೂ ಇದ್ದಾರೆ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಊರಿಗೆ ಮರಳಿದರು. ಆಗ ಮನೆಯಲ್ಲಿ ಬೇರೆಯವರಿದ್ದರು. ದೇವಾಲಯ ಇದ್ದಲ್ಲಿ ಬರೀ ಅಡಿಪಾಯವಿತ್ತು. ದೇವಾಲಯದ ಜೊತೆಗೆ ಪುಸ್ತಕಗಳೂ ಹೋಗಿದ್ದವು. ಆದ್ದರಿಂದ ಮಂಗಳೂರು ಸೀಮೆಯಲ್ಲಿ 1784ಕ್ಕೆ ಹಿಂದಿನ ಜ್ಞಾನಸ್ನಾನದ ದಾಖಲೆ ಸಿಗುವುದು ಬಲು ಅಪರೂಪ. ಎಷ್ಟೋ ಮನೆತನಗಳ ವಂಶವೃಕ್ಷ ಸೆರೆಯಿಂದ ಮರಳಿದ ಒಬ್ಬ ಹಿರಿಯನಿಂದಲೇ ಆರಂಭವಾಗುತ್ತದೆ.

ಈ ಗೋಡೆಯನ್ನು ದಾಟಲು ಎರಡು ದಾರಿಗಳಿವೆ. ಒಂದು, ಮರಳಿ ಬಾರದವರನ್ನು ಬೇರೆ ಕಡೆ ಹುಡುಕುವುದು. ಸೆರೆಯಿಂದ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಲ್ಲಿ ಹುಟ್ಟಿದ್ದು ಹೀಗೆ. ಮಂಗಳೂರಿನಲ್ಲಿ ಕಾಣೆಯಾದ ಒಂದು ಕವಲು ಕೊಡಗಿನಲ್ಲಿ ಚಿಗುರಿರಬಹುದು.

ಎರಡನೆಯ ದಾರಿ ಗೋವೆ. ಅಲ್ಲಿಯ ಹಳೆಯ ಧರ್ಮಕೇಂದ್ರಗಳ ಅನೇಕ ಪುಸ್ತಕಗಳು ಪಣಜಿಯ ಸರ್ಕಾರಿ ಪತ್ರಾಗಾರದಲ್ಲಿವೆ. ಆ ಪತ್ರಾಗಾರ 1595ರಷ್ಟು ಹಳೆಯದು. ಆದರೆ ಹಳ್ಳಿಯ ಹೆಸರು ಗೊತ್ತಿಲ್ಲದೆ ಅಲ್ಲಿಗೆ ಹೋದರೆ ಏನೂ ಸಿಗದು. ಬಾರ್ದೇಸ್ ಅಥವಾ ಸಾಸಷ್ಟಿಯ ಯಾವುದೋ ಹಳ್ಳಿಯ ಹೆಸರು ಮನೆಯ ಹಿರಿಯರ ಬಾಯಲ್ಲಿ ಉಳಿದಿದ್ದರೆ ಅದು ಬಂಗಾರಕ್ಕಿಂತ ಬೆಲೆಯುಳ್ಳದ್ದು. ಬರೀ ಅಡ್ಡಹೆಸರನ್ನು ನಂಬಿ ಹೋಗಬಾರದು. ಡಿಸೋಜ, ಪಿಂಟೊ, ಲೋಬೊ ಮೊದಲಾದ ಹೆಸರುಗಳು ಜ್ಞಾನಸ್ನಾನದ ಸಮಯದಲ್ಲಿ ಜ್ಞಾನತಂದೆಯಿಂದಲೋ ಗುರುಗಳಿಂದಲೋ ಬಂದವು. ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧ ಇದೆಯೆಂದಲ್ಲ.

ಅಕ್ಕಪಕ್ಕ ನಿಂತವರನ್ನು ಕೇಳೋಣ

ಇನ್ನು 1799ರ ಈಚೆಗೂ ನೇರ ದಾರಿ ನಿಂತುಹೋಗುವುದುಂಟು. ಆಗ ನಮ್ಮ ಹಿರಿಯರ ಅಕ್ಕಪಕ್ಕ ನಿಂತವರನ್ನು ನೋಡಬೇಕು. ಜ್ಞಾನಸ್ನಾನಕ್ಕೆ ನಿಂತವರು ಯಾರು? ಮದುವೆಗೆ ಸಾಕ್ಷಿ ಹಾಕಿದವರು ಯಾರು? ಇವರು ಬಹುಮಟ್ಟಿಗೆ ಅಜ್ಜ ಅಜ್ಜಿ, ಸೋದರಮಾವ, ಅತ್ತೆ, ಪಕ್ಕದ ಮನೆಯವರು. ತಾಯಿಯ ಹೆಸರು ಬರೀ ‘ಮರಿಯಾ’ ಎಂದಿದ್ದರೆ, ಆಕೆಯ ಎಲ್ಲಾ ಮಕ್ಕಳ ಜ್ಞಾನಸ್ನಾನದ ದಾಖಲೆಗಳನ್ನು ಒಟ್ಟಿಗೆ ಓದಿದಾಗ ತವರಿನ ಸುಳಿವು ಸಿಗುತ್ತದೆ. ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರಿಡುವ ವಾಡಿಕೆಯೂ ಇಲ್ಲಿ ನೆರವಿಗೆ ಬರುತ್ತದೆ.

ನೆಂಟರೊಳಗೆ ಮದುವೆಯಾಗಿದ್ದರೆ ವಿನಾಯಿತಿ ಪಡೆದ ಸಂಗತಿಯನ್ನು ಗುರುಗಳು ಬರೆದಿರುತ್ತಾರೆ. ಅಂದಿನ ಎಣಿಕೆಯಲ್ಲಿ ಎರಡನೇ ಮೆಟ್ಟಿಲು ಎಂದರೆ ವಧೂವರರ ಅಜ್ಜ ಅಜ್ಜಿ ಒಬ್ಬರೇ; ಮೂರನೇ ಮೆಟ್ಟಿಲು ಎಂದರೆ ಮುತ್ತಜ್ಜ ಮುತ್ತಜ್ಜಿ ಒಬ್ಬರೇ. ಈ ಒಂದು ಪದ ಎರಡು ಮನೆತನಗಳನ್ನು ಜೋಡಿಸಬಲ್ಲದು. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಎಣಿಕೆಯ ಕ್ರಮ ಬದಲಾಗಿದೆ ಎಂಬುದನ್ನು ಮರೆಯಬಾರದು.

ಪುಟದ ಅಂಚನ್ನೂ ನೋಡಬೇಕು. 1908ರಿಂದ, ಮದುವೆ ಎಲ್ಲೇ ನಡೆದರೂ ಅದನ್ನು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಿಳಿಸಿ ಅಲ್ಲಿಯ ಪುಸ್ತಕದಲ್ಲಿ ಬರೆಸಬೇಕೆಂಬ ನಿಯಮವಿದೆ. ಕೆಲಸ ಹುಡುಕಿ ಮುಂಬಯಿಗೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಹೋಗಿ ಸುದ್ದಿಯಿಲ್ಲದಾದ ದೊಡ್ಡಪ್ಪನ ಮದುವೆಯ ಊರು ಆ ಅಂಚಿನಲ್ಲೇ ಸಿಗಬಹುದು.

ಊರಿನ ದೇವಾಲಯ ಹೊಸದಾಗಿದ್ದರೆ ಅದರ ಮಾತೃ ದೇವಾಲಯದ ಪುಸ್ತಕ ಕೇಳಬೇಕು. ಮಂಗಳೂರು ಸೀಮೆಯಲ್ಲಿ ಇನ್ನೊಂದು ತೊಡಕಿದೆ. 1838ರ ನಂತರ ಕೆಲವು ದೇವಾಲಯಗಳು ವೆರಾಪೊಲಿಯ ಅಧಿಕಾರಕ್ಕೂ ಕೆಲವು ಗೋವೆಯ ಅಧಿಕಾರಕ್ಕೂ ಒಳಪಟ್ಟು ಜನರು ಎರಡು ಪಂಗಡವಾದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾಗುವ ಕಾಲದವರೆಗೂ ಇದು ನಡೆಯಿತು. ಒಂದು ದೇವಾಲಯದ ಪುಸ್ತಕದಿಂದ ಕುಟುಂಬ ಏಕಾಏಕಿ ಮಾಯವಾದರೆ ಹತ್ತಿರದ ಇನ್ನೊಂದು ದೇವಾಲಯದಲ್ಲಿ ನೋಡಬೇಕು.

ಒಬ್ಬರಿಗೇ ಹಲವು ಹೆಸರು

ಮನೆಯಲ್ಲಿ ಜುವಾಂವ್ ಆದವರು ಪೋರ್ಚುಗೀಸ್ ಪುಸ್ತಕದಲ್ಲಿ ಜುವಾವ್, ಲತೀನ್ ಪುಸ್ತಕದಲ್ಲಿ ಯೊವಾನ್ನೆಸ್, ಶಾಲೆಯ ದಾಖಲೆಯಲ್ಲಿ ಜಾನ್. ಇನಾಸ್ ಎಂದರೆ ಇಗ್ನೇಶಿಯಸ್. ದುಮಿಂಗ್ ಎಂದರೆ ಡೊಮಿನಿಕ್.

ಘಟ್ಟದ ಮೇಲಿನ ಮೈಸೂರು, ಬೆಂಗಳೂರು ಕಡೆಯ ನಮ್ಮ ಕುಟುಂಬಗಳಲ್ಲೂ ಇದೇ ಕಥೆ. ಇಲ್ಲಿ ಎಷ್ಟೋ ಮನೆಗಳಿಗೆ ಅಡ್ಡಹೆಸರಿಲ್ಲ. ತಂದೆಯ ಹೆಸರಿನ ಮೊದಲಕ್ಷರವೇ ಗುರುತು. ಊರಿನವರಿಗೆ ರಾಯಪ್ಪ ಆದವರು ಗುರುಗಳ ಲತೀನ್ ಪುಸ್ತಕದಲ್ಲಿ ಪೆತ್ರುಸ್. ಚಿನ್ನಪ್ಪ ಎಂದರೆ ಪೌಲ, ಅರುಳಪ್ಪ ಎಂದರೆ ಯೊವಾನ್ನ, ಚೌರಪ್ಪ ಎಂದರೆ ಸಂತ ಕ್ಸೇವಿಯರರ ಹೆಸರು. ಇದು ತಿಳಿಯದವರು ಎದುರಿಗೇ ಇರುವ ತಮ್ಮ ಮುತ್ತಜ್ಜನನ್ನು ಗುರುತಿಸದೆ ಪುಟ ತಿರುವುತ್ತಾರೆ.

ದೇವಾಲಯದ ಹೊರಗೂ ದಾಖಲೆಗಳಿವೆ. ಮೂಲಗೇಣಿ ಪತ್ರ, ಸಮಾಧಿಯ ಕಲ್ಲು, ಶಾಲೆಯ ಹಾಜರಿ ಪುಸ್ತಕ ಇವೆಲ್ಲ ಮಾತಾಡುತ್ತವೆ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಭೂನ್ಯಾಯ ಮಂಡಳಿಗೆ ಸಲ್ಲಿಸಿದ 7ನೇ ನಮೂನೆಯ ಅರ್ಜಿಗಳಲ್ಲಿ, ಎಂದೂ ಭೂಮಿಯ ಒಡೆಯರಾಗಿರದ ಒಕ್ಕಲು ಮನೆತನಗಳ ವಿವರ ಸಿಗುತ್ತದೆ.

ದಾಟಲಾಗದ ಗೋಡೆ

ಇಷ್ಟೆಲ್ಲಾ ಮಾಡಿದರೂ ಕೆಲವು ಗೋಡೆಗಳನ್ನು ದಾಟಲಾಗದು. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮೈಸೂರು ಸೀಮೆಯ ಮಿಷನರಿಗಳು ಸಾಕಿದರು. ಅಂಥ ಮಗುವಿನ ಮರಿಮಕ್ಕಳು ಇಂದು ನಮ್ಮ ನಡುವೆ ಇದ್ದಾರೆ. ಹೆತ್ತವರ ಹೆಸರು ತಿಳಿಯದ ಆ ಮಗುವನ್ನು ಎತ್ತಿಕೊಂಡು ನಿಂತ ಜ್ಞಾನತಾಯಿಯೊಬ್ಬಳು ಇದ್ದಳು. ಆ ಮನೆತನದ ಮೊದಲ ಹೆಸರಾಗಿ ಆಕೆಯ ಹೆಸರು ಬರೆದರೆ ತಪ್ಪೇನು?

ಇಲ್ಲಿಯೇ ಒಂದು ಕಹಿ ಮಾತು ಹೇಳಬೇಕಾಗಿದೆ. ಖಾಲಿ ಜಾಗ ಕಂಡಾಗ ಅಲ್ಲಿ ಒಬ್ಬ ದೊಡ್ಡ ಮನುಷ್ಯನನ್ನು ಕೂರಿಸುವ ಆಸೆ ನಮಗಿದೆ. ನಮ್ಮವರು ಗೋವೆಯಲ್ಲಿ ಮೇಲ್ಜಾತಿಯವರಾಗಿದ್ದರು, ಜಮೀನುದಾರರಾಗಿದ್ದರು ಎಂದು ಆಧಾರವಿಲ್ಲದೆ ಹೇಳುವವರಿದ್ದಾರೆ. ಆ ಮಾತಿನ ಬಲದ ಮೇಲೆ ಮದುವೆ ಸಂಬಂಧಗಳನ್ನು ಒಲ್ಲೆನ್ನುವವರೂ ಇದ್ದಾರೆ. ಒಂದೇ ಜ್ಞಾನಸ್ನಾನದ ತೊಟ್ಟಿಯಿಂದ ಎದ್ದುಬಂದವರಲ್ಲಿ ಈ ಮೇಲು ಕೀಳು ಯಾಕೆ?

ಪವಿತ್ರ ಗ್ರಂಥದ ಎರಡು ಪಟ್ಟಿಗಳನ್ನು ನೋಡೋಣ. ಎಜ್ರನ ಗ್ರಂಥದ ಎರಡನೇ ಅಧ್ಯಾಯದಲ್ಲಿ ಸೆರೆಯಿಂದ ಮರಳಿದ ಕೆಲವು ಕುಟುಂಬಗಳು ತಮ್ಮ ವಂಶಾವಳಿಯನ್ನು ಹುಡುಕಿದರೂ ಸಿಗಲಿಲ್ಲ. ಆದರೆ ಅವರ ಹೆಸರು ಮರಳಿದವರ ಪಟ್ಟಿಯಲ್ಲಿ ಉಳಿಯಿತು. ಸಿಗಲಿಲ್ಲ ಎಂಬುದೂ ಹಾಗೆಯೇ ದಾಖಲಾಯಿತು. ಸಂತ ಮತ್ತಾಯರು ಬರೆದ ಪ್ರಭುವಿನ ವಂಶಾವಳಿಯಲ್ಲಿ ಯೋರಾಮ ಮತ್ತು ಉಜ್ಜೀಯರ ನಡುವಿನ ಮೂವರು ಅರಸರ ಹೆಸರೇ ಇಲ್ಲ. ಆದರೆ ತಾಮಾರ, ರಾಹಾಬ, ರೂತ್, ಉರೀಯನ ಹೆಂಡತಿ ಇದ್ದಾರೆ. ನಮ್ಮಲ್ಲಿ ಅನೇಕರು ಮುಚ್ಚಿಡುತ್ತಿದ್ದ ಹೆಸರುಗಳನ್ನೇ ಶುಭಸಂದೇಶ ತೆರೆದಿಟ್ಟಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದು ಹಿರಿಯರಿಗೆ ಸಲ್ಲಿಸುವ ಗೌರವವೇ.

ಈಗ ಮಾಡಬೇಕಾದದ್ದು

ಪ್ರಿಯ ಓದುಗರೇ, 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ಹಿರಿಯರ ದಿನವೆಂದು ಸಾರಿದರು. ಆ ದಿನ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಒಂದು ನೋಟ್ ಪುಸ್ತಕ ಹಿಡಿದು ಮನೆಯ ಹಿರಿಯರ ಬಳಿ ಕೂರೋಣ. ಅವರ ತಾಯಿಯ ತವರು, ಅಜ್ಜಿಯನ್ನು ಕರೆಯುತ್ತಿದ್ದ ಹೆಸರು, ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳು, ಊರು ಬಿಟ್ಟ ಕಾರಣ ಇವನ್ನೆಲ್ಲ ಕೇಳಿ ತಾರೀಖು ಹಾಕಿ ಬರೆಯೋಣ. ಪುಸ್ತಕಗಳು ಇನ್ನೂ ಹಲವು ವರ್ಷ ಕಾಯಬಹುದು, ಹಿರಿಯರು ಕಾಯಲಾರರು.

ನಮ್ಮ ಧರ್ಮಕೇಂದ್ರಗಳ ಹಳೆಯ ಪುಸ್ತಕಗಳೂ ಕಾಪಾಡಬೇಕಾದ ಆಸ್ತಿಯೇ. ಹಳೆಯ ಪುಸ್ತಕಗಳನ್ನು ಜತನದಿಂದ ಇಡಬೇಕೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಕರಾವಳಿಯ ಮಳೆ, ಗೆದ್ದಲು, ಪುಡಿಯಾಗುವ ಕಾಗದ ಇವು ಯಾರನ್ನೂ ಕಾಯುವುದಿಲ್ಲ. ಧರ್ಮಾಧ್ಯಕ್ಷರ ಅನುಮತಿ ಪಡೆದು ಅವುಗಳ ಚಿತ್ರ ತೆಗೆದಿಡಲು ಪಾಲನಾ ಪರಿಷತ್ತುಗಳು ಮುಂದಾಗಲಿ. ಪುಸ್ತಕ ನೋಡಲು ಹೋದವರು ಇನ್ನೊಬ್ಬರ ಮನೆಯ ಗುಟ್ಟು ಕಣ್ಣಿಗೆ ಬಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬರಲಿ.

ಸಿಕ್ಕಿದ ಹೆಸರುಗಳನ್ನು ನವೆಂಬರ್ 2ರ ಮೃತರ ಸ್ಮರಣೆಯ ದಿನ ಒಂದೊಂದಾಗಿ ಹೇಳಿ ಪ್ರಾರ್ಥಿಸೋಣ. ಸಿಗದವರಿಗಾಗಿ ಹೆಸರಿಲ್ಲದೆಯೇ ಪ್ರಾರ್ಥಿಸೋಣ. ನಮ್ಮ ಪುಸ್ತಕದಲ್ಲಿ ಇಲ್ಲದವರ ಹೆಸರನ್ನೂ ದೇವರು ಬಲ್ಲರು.